ತಾತ ತಿಂದ ಚಾಕೊಲೇಟು

ಬೇವಿನಹಟ್ಟಿ, ಹರಿಯಬ್ಬೆ ಅಂಚೆ
೮-೮-೧೯೭೬, ಭಾನುವಾರ

ಎತ್ತಪ್ಪಣ್ಣನಿಗೆ,

ಮೊದಲು ನನ್ನ ಅಕ್ಷರವನ್ನು ಕ್ಷಮಿಸು. ನಾಲ್ಕನೇ ತರಗತಿ ಬಿಟ್ಟ ಮೇಲೆ ಪೆನ್ಸಿಲ್ ಹಿಡಿದದ್ದೇ ಕಡಿಮೆ. ಒತ್ತಕ್ಷರ ಎಲ್ಲಿ ಬಿಟ್ಟುಹೋಗಿದೆಯೋ ಅಲ್ಲಿ ನೀನೇ ಸೇರಿಸಿಕೊಂಡು ಓದು. ನನ್ನ ಬರವಣಿಗೆ ಕೋಳಿ ಕೆದರಿದ ಹಾಗಿದೆ ಎಂದು ಮೇಷ್ಟ್ರು ಬೈಯುತ್ತಿದ್ದರು. ನಮ್ಮ ಹಟ್ಟಿಯೊಳಗೆ ಕೋಳಿ ಬಿಡುವುದಿಲ್ಲವಲ್ಲ, ಅದು ಹೇಗೆ ಕೆದರುತ್ತದೆ ಎಂದು ನಾನು ಹತ್ತಿರದಿಂದ ನೋಡಿಯೇ ಇಲ್ಲ.

ನೀನು ರೈಲ್ವೆ ಗ್ಯಾಂಗಿನ ಕೆಲಸಕ್ಕೆಂದು ಚಿಕ್ಕಜಾಜೂರಿಗೆ ಹೋಗಿ ಎರಡು ವರ್ಷವಾಯಿತು. ನೀನೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಈಗ ಬರೆಯಲೇಬೇಕಾಗಿದೆ. ಅಪ್ಪ ಕುರಿ ಹೊಡೆದುಕೊಂಡು ಹೊಳಲ್ಕೆರೆ ಕಡೆ ಹೋಗಿದ್ದಾನೆ, ಸಂಕ್ರಾಂತಿಗೆ ಮೊದಲು ಬರುವುದಿಲ್ಲ. ಮನೆಯಲ್ಲಿ ಅಕ್ಷರ ಗೊತ್ತಿರುವವಳು ನಾನೊಬ್ಬಳೇ.

ನಮ್ಮ ಹಟ್ಟಿಯ ಓಬಣ್ಣನ ಕೈಯಲ್ಲಿ ನೀನು ಕಳಿಸಿದ ಚಾಕೊಲೇಟು ಹೋದ ಸೋಮವಾರ ಬಂತು. ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದ. ಹೊರಗೆ ನೇರಳೆ ಕಾಗದ, ಒಳಗೆ ಬೆಳ್ಳಿಯಂಥ ಹಾಳೆ. ಅವ್ವ ಮೂಸಿ ನೋಡಿ, "ಹಾಲಿನ ವಾಸನೆ ಐತೆ. ಮೊದಲ ಪಾಲು ರೊಪ್ಪಕ್ಕೆ ಕೊಟ್ಟು ಬಾ" ಎಂದಳು. ನಿನಗೆ ಗೊತ್ತಿರುವುದೇ. ಮನೆಗೆ ಹೊಸ ತಿನಿಸು ಏನು ಬಂದರೂ ಮೊದಲ ಪಾಲು ದೇವರ ದನ ಕಾಯುವ ಕಿಲಾರಿಗೆ ಸೇರಬೇಕು. ಕಿಲಾರಿ ಅದು ಏನೆಂದು ಕೇಳದೆ ತಿನ್ನಬೇಕು.

ಕಿಲಾರಿಯಾದ ತಾತ ದನದ ರೊಪ್ಪದ ಬೇಲಿಯೊಳಗಿಂದ ಕೈ ಚಾಚಿದ. ನಾನು ಎರಡು ಚೌಕ ಮುರಿದು ಅಂಗೈಯಲ್ಲಿಟ್ಟೆ. ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡಿದ್ದ. ಏನೋ ಕೇಳಲು ಬಾಯಿ ತೆರೆದವನು ಮತ್ತೆ ಮುಚ್ಚಿಕೊಂಡ.

ಬುಧವಾರ ಓಬಣ್ಣ ಹಿರಿಯೂರಿಗೆ ಹೋಗಿದ್ದ. ಅಲ್ಲಿ ಒಬ್ಬ ಬೇಕರಿಯವನು ಕೇಕಿಗೆ ಮೊಟ್ಟೆ ಒಡೆಯುತ್ತಿದ್ದನಂತೆ. ಚಾಕೊಲೇಟಿಗೂ ಹಾಕುತ್ತಾರಾ ಎಂದು ಇವನು ಕೇಳಿದ್ದಾನೆ. "ಇಂಗ್ಲೀಷಿನೋರ ತಿಂಡಿ ಅಂದ್ಮೇಲೆ ಮೊಟ್ಟೆ ಇಲ್ದೆ ಇರ್ತೈತಾ" ಎಂದನಂತೆ ಅವನು. ಓಬಣ್ಣ ಬಸ್ಸಿಳಿದು ಮನೆಗೂ ಹೋಗದೆ ನೇರವಾಗಿ ಹಟ್ಟಿಯ ಯಜಮಾನ ತಿಮ್ಮರಾಯಪ್ಪ ಗೌಡರ ಜಗಲಿಗೆ ಬಂದು ಹೇಳಿದ. ಕೋಳಿಯ ಗರಿ ಗಾಳಿಗೆ ಹಾರಿ ಬಂದರೂ ಕಡ್ಡಿಯಲ್ಲಿ ಎತ್ತಿ ಬೇಲಿಯಾಚೆ ಹಾಕುವ ಹಟ್ಟಿ ನಮ್ಮದು. ಹಿರಿಯರು ಕೂತು ಮಾತು ಮುಗಿಸಿದರು. ಅದರಲ್ಲಿ ಮೊಟ್ಟೆ ಇದ್ದದ್ದೇ ಆದರೆ ತಾತ ಇನ್ನು ಯಾವತ್ತೂ ರೊಪ್ಪದೊಳಗೆ ಕಾಲಿಡುವಂತಿಲ್ಲ. ಇಲ್ಲವೆಂದು ಖಾತ್ರಿಯಾದರೆ ಒಳಗೆ ಹೋಗಬಹುದು. ದೀಪಾವಳಿ ಅಮಾವಾಸ್ಯೆಯವರೆಗೆ ಸಮಯ ಕೊಟ್ಟಿದ್ದಾರೆ. ಅಲ್ಲಿಯವರೆಗೆ ಓಬಣ್ಣ ದನ ಕಾಯುತ್ತಾನೆ.

ನಲವತ್ತು ವರ್ಷ ಆ ದನಗಳ ಜೊತೆ ಮಲಗಿ ಎದ್ದ ತಾತ ಈಗ ಬೇಲಿಯ ಹೊರಗೆ ಜಾಲಿ ಮರದಡಿ ಕೂತಿದ್ದಾನೆ. ನಾನು ಕೊಟ್ಟಿದ್ದನ್ನೇ ಅವನು ತಿಂದದ್ದು. ನಾನು ಹತ್ತಿರ ಹೋಗಲು ಅಂಜಿ ದೂರ ನಿಂತಿದ್ದೆ. ಅವನೇ ಕರೆದ. "ಈಗ ನಾನು ಕಿಲಾರಿ ಅಲ್ಲ, ಕೇಳಬಹುದು. ಹಟ್ಟಿಗೆ ಮೊಟ್ಟೆ ಐತೋ ಇಲ್ವೋ ಅಷ್ಟು ಗೊತ್ತಾದ್ರೆ ಸಾಕು. ನಂಗೆ ಅದು ಪೂರ್ತಿ ಏನು ಅಂತ ಗೊತ್ತಾಗಬೇಕು. ಬಾಯಾಗೆ ಇಟ್ರೆ ಬೆಣ್ಣೆಯಂಗೆ ಕರಗ್ತು, ಬೆಣ್ಣೆಯಲ್ಲ. ಬೆಲ್ಲದ ಬಣ್ಣ, ಬೆಲ್ಲ ಅಲ್ಲ. ನಿಮ್ಮಣ್ಣನ್ನ ಬರೆದು ಕೇಳು."

ಅದಕ್ಕೇ ಬರೆದಿದ್ದೇನೆ. ತಿಳಿದುಕೊಂಡು ಬೇಗ ಬರೆ. ಅಲ್ಲಿ ನೀನು ಊಟ ಎಲ್ಲಿ ಮಾಡುತ್ತೀ ಎಂದು ಅವ್ವ ಕೇಳುತ್ತಿದ್ದಾಳೆ.

ನಿನ್ನ ತಂಗಿ
ಮುದ್ದಕ್ಕ

*

ಚಿಕ್ಕಜಾಜೂರು
೨೦-೮-೧೯೭೬

ತಂಗಿ ಮುದ್ದಕ್ಕನಿಗೆ,

ನಿನ್ನ ಅಕ್ಷರ ಚೆನ್ನಾಗಿಯೇ ಇದೆ. ಕಾಗದವನ್ನು ನಾಲ್ಕು ಸಲ ಓದಿದೆ. ಮೊದಲ ಪಾಲಿನ ವಿಷಯ ನಾನು ಮರೆತೇಬಿಟ್ಟಿದ್ದೆ. ಮರೆಯಬಾರದಿತ್ತು. ನಿನ್ನ ಹೆಸರು ಬರೆದು ಕಳಿಸಿದರೆ ನೀನೇ ತಿನ್ನುತ್ತೀ ಎಂದುಕೊಂಡಿದ್ದೆ.

ಅದನ್ನು ನನಗೆ ಕೊಟ್ಟವನು ನಾಗಣ್ಣ ಎಂಬ ಏಜೆಂಟ್. ದಾವಣಗೆರೆಯವನು. ಚಿತ್ರದುರ್ಗ, ಹೊಸದುರ್ಗದ ಅಂಗಡಿಗಳಿಗೆ ಚಾಕೊಲೇಟು ಹಾಕುತ್ತಾನೆ. ಪ್ರತಿ ಗುರುವಾರ ಇಲ್ಲಿ ಇಳಿದು ಚಿತ್ರದುರ್ಗದ ರೈಲಿಗೆ ಎರಡು ಗಂಟೆ ಕಾಯುತ್ತಾನೆ. ಒಮ್ಮೆ ಅವನ ಪೆಟ್ಟಿಗೆಗಳನ್ನು ಹಳಿ ದಾಟಿಸಿ ಆ ಕಡೆ ಇಟ್ಟುಕೊಟ್ಟೆ ಎಂದು ಒಂದು ಚಾಕೊಲೇಟು ಕೊಟ್ಟ. ನಿನ್ನೆ ಬಂದಿದ್ದ. ನಾನು ನಡೆದದ್ದನ್ನು ಹೇಳಿದಾಗ ಮೊದಲು ನಕ್ಕ. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿ, ಪೆಟ್ಟಿಗೆಯ ಮೇಲೆ ಕೂತು ತನಗೆ ಗೊತ್ತಿದ್ದಷ್ಟನ್ನು ಹೇಳಿದ.

ಅದರ ಹೆಸರು ಡೈರಿ ಮಿಲ್ಕ್. ಕ್ಯಾಡ್ಬರಿ ಎಂಬುದು ಅದನ್ನು ಮಾಡುವ ಮನೆತನದ ಹೆಸರು. ಇಂಗ್ಲೆಂಡಿನಲ್ಲಿ ೧೯೦೫ರಲ್ಲಿ ಮೊದಲ ಸಲ ಮಾಡಿದರಂತೆ. ಹಾಗಾದರೆ ತಾತನಿಗಿಂತ ಒಂದೆರಡು ವರ್ಷ ದೊಡ್ಡದೇ ಇರಬಹುದು. ನಮ್ಮ ದೇಶಕ್ಕೆ ಆ ಕಂಪನಿ ಬಂದದ್ದು ೧೯೪೮ರಲ್ಲಿ. ಅದರ ಜಾಹೀರಾತಿನಲ್ಲಿ ಒಂದೂವರೆ ಲೋಟ ಹಾಲು ಹಾಕಿದ್ದೇವೆ ಎಂದು ಬಹಳ ವರ್ಷಗಳಿಂದ ಬರೆಯುತ್ತಾರಂತೆ. ಒಂದು ತುಂಬಿದ ಲೋಟ, ಒಂದು ಅರ್ಧ ಲೋಟ, ಎರಡರಿಂದಲೂ ಹಾಲು ಸುರಿಯುತ್ತಿರುವ ಚಿತ್ರ ಇರುತ್ತದಂತೆ.

ಹೆಸರಿಟ್ಟ ಕಥೆಯೊಂದಿದೆ. ಮೊದಲು ಹಾಲು ಕರೆಯುವ ಹುಡುಗಿ ಎಂಬ ಅರ್ಥ ಬರುವ ಹೆಸರು ಇಡಬೇಕೆಂದಿದ್ದರಂತೆ. ಜರ್ಸಿ ಎಂಬ ಹೆಸರೂ ಮಾತಿಗೆ ಬಂದಿತ್ತಂತೆ. ಕೊನೆಗೆ ಒಂದು ಮಿಠಾಯಿ ಅಂಗಡಿಯ ಗಿರಾಕಿಯ ಮಗಳು ಡೈರಿ ಮಿಲ್ಕ್ ಎಂದರೆ ಚೆನ್ನ ಎಂದಳು, ಅದೇ ಉಳಿಯಿತು ಎಂದು ಹೇಳುತ್ತಾರೆ. ನಿಜವೋ ಕಟ್ಟುಕಥೆಯೋ ನಾಗಣ್ಣನಿಗೂ ಗೊತ್ತಿಲ್ಲ.

ಮೊಟ್ಟೆ ಇಲ್ಲವೇ ಇಲ್ಲ ಎಂದ. ಎಲ್ಲಿ ಬರೆದಿದೆ ತೋರಿಸು ಎಂದೆ. "ಏನಪ್ಪ, ಪೊಲೀಸಿನೋರಂಗೆ ಕೇಳ್ತೀಯ" ಎಂದ. ಆದರೂ ಕಂಪನಿಯವರು ಏಜೆಂಟರಿಗೆ ಕೊಟ್ಟ ಪುಸ್ತಕವನ್ನು ಹುಡುಕಿ ತರುತ್ತೇನೆಂದು ಒಪ್ಪಿದ್ದಾನೆ.

ತಾತನಿಗೆ ಹೇಳು. ಏನು ಹೇಳಬೇಕೋ ನನಗೆ ತಿಳಿಯುತ್ತಿಲ್ಲ. ಕಾಗದವನ್ನೇ ಓದಿ ಹೇಳು.

ಎತ್ತಪ್ಪ

*

ಬೇವಿನಹಟ್ಟಿ
೩೦-೮-೧೯೭೬

ಅಣ್ಣನಿಗೆ,

ನಿನ್ನ ಕಾಗದವನ್ನು ಜಾಲಿ ಮರದಡಿ ತಾತನಿಗೆ ಓದಿದೆ. ಜರ್ಸಿ ಎಂಬಲ್ಲಿ ತಡೆದ. "ಜರ್ಸಿ ಅಂದ್ರೆ ಸರ್ಕಾರದೋರು ತಂದವಲ್ಲ, ಡುಬ್ಬ ಇಲ್ಲದ ದನ. ಅದರ ಹಾಲಾ ನಾನು ಕುಡಿದದ್ದು?" ಎಂದ. ಹೆಸರಿಡಲಿಲ್ಲವಲ್ಲ ತಾತ, ಬರೀ ಮಾತಿಗೆ ಬಂದಿತ್ತು ಎಂದೆ. ಸ್ವಲ್ಪ ಸಮಾಧಾನವಾಯಿತು.

ಒಂದೂವರೆ ಲೋಟ ಹಾಲು ಅಷ್ಟು ತೆಳುವಾದ ಹಲಗೆಯೊಳಗೆ ಹೇಗೆ ಸೇರುತ್ತದೆ ಎಂದು ನನಗೆ ತಲೆಗೆ ಹತ್ತಲಿಲ್ಲ. ಮರುದಿನ ಅವ್ವನನ್ನು ಕೇಳಿ ಒಂದೂವರೆ ಲೋಟ ಎಮ್ಮೆಹಾಲನ್ನು ಬಾಣಲೆಗೆ ಹಾಕಿ ಕಾಯಿಸಿದೆ. ಕೈ ಬಿಡದೆ ತಿರುವಿದೆ. ಅದು ಇಳಿದು ಇಳಿದು ಮುಷ್ಟಿಯಷ್ಟಾಯಿತು. ಬೆಲ್ಲ ಹಾಕಿದೆ. ಬಣ್ಣ ಬಂತು, ಆದರೆ ಒಡೆಯಲಿಲ್ಲ. ಎಳೆದರೆ ದಾರದ ಹಾಗೆ ಬಂತು. ಚಾಕೊಲೇಟು ಮುರಿದಾಗ ಟಕ್ ಎಂದಿತ್ತು. ಆ ಟಕ್ ಎಲ್ಲಿಂದ ಬರುತ್ತದೆ? ಮುಷ್ಟಿಯಷ್ಟು ಗಟ್ಟಿಹಾಲು ಆ ಸಣ್ಣ ಹಲಗೆಯೊಳಗೆ ಹಿಡಿಯುವುದೂ ಇಲ್ಲ. ಲೆಕ್ಕ ಎಲ್ಲೋ ತಪ್ಪಿದೆ, ನಾಗಣ್ಣನನ್ನು ಕೇಳು.

ತಾತನ ಪ್ರಶ್ನೆಗಳು ಇನ್ನೂ ಇವೆ. ಹಾಲು ಕರೆಯುವ ಮೊದಲು ಅಲ್ಲಿ ಕರುವಿಗೆ ಬಿಡುತ್ತಾರಾ? ಆ ಕಂದು ಬಣ್ಣ ಯಾತರದ್ದು? ಅದನ್ನು ಮಾಡುವ ಜನ ಎಂಥವರು? ನನ್ನದೂ ಒಂದಿದೆ. ಹೆಸರು ಹೇಳಿಕೊಟ್ಟ ಆ ಹುಡುಗಿಯ ಹೆಸರೇನು? ಇಷ್ಟು ಜನ ತಿನ್ನುವ ತಿಂಡಿಗೆ ಹೆಸರಿಟ್ಟಳು, ಅವಳ ಹೆಸರನ್ನು ಯಾರೂ ಬರೆದಿಡಲಿಲ್ಲವೇ?

ಗೌಡರಿಗೂ ನಿನ್ನ ಕಾಗದದ ವಿಷಯ ಹೇಳಿದೆವು. ಮಾರುವವನ ಬಾಯಿಮಾತು ಸಾಲದು ಎಂದರು. ಪುಸ್ತಕ ಬೇಗ ನೋಡು. ಓಬಣ್ಣನಿಗೆ ದನಗಳು ಹೊಂದಿಕೊಂಡಿಲ್ಲ. ಕೆಂದ ಹೋರಿ ಅವನ ತೊಡೆಗೆ ಒದ್ದಿದೆ. ಸಂಜೆ ಮೇದು ಬಂದವು ರೊಪ್ಪದ ಬಾಗಿಲಿಗೆ ಹೋಗದೆ ಸುತ್ತಿಕೊಂಡು ಜಾಲಿ ಮರದ ಹತ್ತಿರ ಬಂದು ನಿಲ್ಲುತ್ತವೆ. ತಾತ ಮುಟ್ಟುವಂತಿಲ್ಲ. ಎರಡೂ ಕೈಗಳನ್ನು ಕಂಬಳಿಯೊಳಗೆ ಇಟ್ಟುಕೊಂಡು ಕೂತಿರುತ್ತಾನೆ. ಊಟ ಅರ್ಧ ಬಿಡುತ್ತಾನೆ.

ನೀನು ಊಟ ಎಲ್ಲಿ ಮಾಡುತ್ತೀ ಎಂದು ಬರೆಯಲಿಲ್ಲ. ಅವ್ವ ಮತ್ತೆ ಕೇಳಿದ್ದಾಳೆ.

ಮುದ್ದಕ್ಕ

*

ಚಿಕ್ಕಜಾಜೂರು
೧೦-೯-೧೯೭೬

ಮುದ್ದಕ್ಕನಿಗೆ,

ನಾಗಣ್ಣ ಪುಸ್ತಕ ತಂದ. ಇಂಗ್ಲೀಷಿನಲ್ಲಿದೆ. ನನಗೆ ಗೊತ್ತಿರುವ ಇಂಗ್ಲೀಷು ಸಿಗ್ನಲ್, ಬ್ರೇಕು, ಅಷ್ಟೇ. ನಾಗಣ್ಣ ಸಾಲಿನ ಮೇಲೆ ಬೆರಳಿಟ್ಟು ಓದಿ ಕನ್ನಡದಲ್ಲಿ ಹೇಳಿದ. ಅವನು ಸುಳ್ಳು ಹೇಳುತ್ತಿರಬಹುದೆಂದು ನಮ್ಮ ಪಾರ್ಸಲ್ ಗುಮಾಸ್ತರ ಹತ್ತಿರ ಅದೇ ಪುಟವನ್ನು ಇನ್ನೊಮ್ಮೆ ಓದಿಸಿದೆ. ಇಬ್ಬರೂ ಒಂದೇ ಮಾತು ಹೇಳಿದರು. ಹಾಲು, ಸಕ್ಕರೆ, ಕೋಕೋ. ಮೊಟ್ಟೆಯ ಮಾತೇ ಇಲ್ಲ.

ನಿನ್ನ ಲೆಕ್ಕ ತಪ್ಪಲಿಲ್ಲ. ಆ ಒಂದೂವರೆ ಲೋಟ ಇರುವುದು ಅರ್ಧ ಪೌಂಡಿನ ದೊಡ್ಡ ಹಲಗೆಯಲ್ಲಿ. ಅಂದರೆ ಕಾಲು ಕೇಜಿಗೆ ಸ್ವಲ್ಪ ಕಮ್ಮಿ. ನಾನು ಕಳಿಸಿದ ಸಣ್ಣದರಲ್ಲಿ ಕೆಲವು ಗುಟುಕು ಮಾತ್ರ ಇದ್ದೀತು. ನೀನು ಬಾಣಲೆಯಲ್ಲಿ ಮಾಡಿದ್ದನ್ನು ಹೇಳಿದಾಗ ನಾಗಣ್ಣ ಎದ್ದೇ ನಿಂತ. "ಲೇ, ನಿನ್ ತಂಗಿ ಕಾರ್ಖಾನೆಗೆ ಹೋಗಿದ್ಲೇನೋ" ಎಂದ. ಅಲ್ಲಿಯೂ ಮೊದಲು ಹಾಲು ಸಕ್ಕರೆಯನ್ನು ಕಾಯಿಸಿ ಗಟ್ಟಿ ಮಾಡುತ್ತಾರಂತೆ. ಅದಕ್ಕೆ ಕೋಕೋ ಕಲೆಸಿ ಪುಡಿಪುಡಿಯಾಗುವವರೆಗೆ ಒಣಗಿಸುತ್ತಾರೆ. ಆಮೇಲೆ ಅದನ್ನು ಅರೆದು, ಕೋಕೋ ಬೀಜದ್ದೇ ಕೊಬ್ಬನ್ನು ಸೇರಿಸುತ್ತಾರೆ. ಆ ಕೊಬ್ಬು ತಣ್ಣಗಿದ್ದರೆ ಗಟ್ಟಿ, ಬಾಯಿಯ ಬಿಸಿಗೆ ನೀರು. ನಿನ್ನ ಟಕ್ ಅದರದ್ದು. ತಾತ ಬೆಣ್ಣೆಯಂಗೆ ಅಂದದ್ದೂ ಅದೇ.

ಕಂದು ಬಣ್ಣ ಕೋಕೋದ್ದು. ಅದೊಂದು ಮರದ ಬೀಜ. ಕಾಯಿ ಅತ್ತಿಯ ಹಾಗೆ ಕಾಂಡಕ್ಕೇ ಅಂಟಿಕೊಂಡು ಬಿಡುತ್ತದಂತೆ. ಬೀಜಗಳನ್ನು ರಾಶಿ ಹಾಕಿ ಬಾಳೆಲೆ ಮುಚ್ಚಿ ಐದಾರು ದಿನ ಹುದುಗು ಬರಿಸಿ, ಬಿಸಿಲಿಗೆ ಒಣಗಿಸಿ ಹುರಿಯುತ್ತಾರೆ. ಈಗ ಕೇರಳದಲ್ಲಿಯೂ ಬೆಳೆಯುತ್ತಾರೆ. ನಾಗಣ್ಣನ ಪೆಟ್ಟಿಗೆಯಲ್ಲಿ ತೋರಿಸಲೆಂದು ಇಟ್ಟುಕೊಂಡ ನಾಲ್ಕು ಬೀಜಗಳಿದ್ದವು. ಒಂದನ್ನು ಕಚ್ಚಿ ನೋಡಿದೆ. ಬೇವಿನಷ್ಟಲ್ಲದಿದ್ದರೂ ಕಹಿ. ಇನ್ನೊಂದನ್ನು ಇದರೊಳಗೆ ಮಡಿಸಿಟ್ಟಿದ್ದೇನೆ. ಮರದ ಬೀಜವಾದ್ದರಿಂದ ಹಟ್ಟಿಯೊಳಗೆ ತರಬಹುದು ಎಂದುಕೊಂಡಿದ್ದೇನೆ.

ತಾತ ಕೇಳಿದ ಜನರ ವಿಷಯ. ಆ ಮನೆತನದವರು ಕುಡಿತವನ್ನು ಒಪ್ಪದ ಒಂದು ಪಂಥದವರಂತೆ. ಕಾರ್ಖಾನೆಯ ಹತ್ತಿರ ಬೋರ್ನ್‌ವಿಲ್ ಎಂಬ ಊರನ್ನೇ ಕಟ್ಟಿಸಿದರು. ಆ ಊರಲ್ಲಿ ಹೆಂಡದಂಗಡಿಗೆ ಜಾಗ ಕೊಡಲಿಲ್ಲ. ಇವತ್ತಿಗೂ ಇಲ್ಲವಂತೆ. ದೊಡ್ಡ ಯುದ್ಧದ ಕಾಲದಲ್ಲಿ, ತಾಜಾ ಹಾಲು ಕುಡಿಯಲಿಕ್ಕೇ ಬೇಕು, ಚಾಕೊಲೇಟಿಗೆ ಹಾಕಬೇಡಿ ಎಂದು ಅಲ್ಲಿನ ಸರ್ಕಾರ ಹೇಳಿತಂತೆ. ಆಗ ಇದನ್ನು ಮಾಡುವುದನ್ನೇ ನಿಲ್ಲಿಸಿ, ಕೆನೆ ತೆಗೆದ ಹಾಲಿನ ಪುಡಿ ಹಾಕಿದ ಬೇರೊಂದನ್ನು ಮಾಡಿದರು. ಕರುವಿನ ಪಾಲಿನ ಬಗ್ಗೆ ಪುಸ್ತಕದಲ್ಲಿಲ್ಲ. "ನಾನು ಮಾರೋನಪ್ಪ, ಕರೆಯೋನಲ್ಲ" ಎಂದ ನಾಗಣ್ಣ. ಆ ಹುಡುಗಿಯ ಹೆಸರೂ ಪುಸ್ತಕದಲ್ಲಿಲ್ಲ. ನಾನು ಎರಡು ಸಲ ಹುಡುಕಿಸಿದೆ.

ಊಟಕ್ಕೆ ಏನೂ ತೊಂದರೆಯಿಲ್ಲ ಎಂದು ಅವ್ವನಿಗೆ ಹೇಳು.

ಎತ್ತಪ್ಪ

*

ಬೇವಿನಹಟ್ಟಿ
೨೨-೯-೧೯೭೬

ಅಣ್ಣನಿಗೆ,

ಈ ಸಲ ಗೌಡರ ಜಗಲಿಯ ಮುಂದೆ ಹಿರಿಯರೆಲ್ಲ ಕೂತಿದ್ದಾಗಲೇ ನಿನ್ನ ಕಾಗದ ಓದಬೇಕಾಯಿತು. ಅಷ್ಟು ಗಂಡಸರ ಮುಂದೆ ಬರಲು ನನಗೆ ನಾಚಿಕೆಯಾಯಿತು. ಗೋಡೆಯ ಹಿಂದೆ ನಿಂತು ಓದಿದೆ. "ಮುಂದಕ್ಕೆ ಬಾರವ್ವ, ಗೋಡೆನೇ ಓದಿದಂಗೆ ಕೇಳ್ತೈತೆ" ಎಂದರು ಗೌಡರು. ಎಲ್ಲರೂ ನಕ್ಕರು. ಬಂದು ನಿಂತೆ. ಕಾಗದವನ್ನು ಮುಖಕ್ಕೆ ಅಡ್ಡ ಹಿಡಿದು ಓದಿ ಮುಗಿಸಿದೆ.

ಹೆಂಡದಂಗಡಿ ಇಲ್ಲದ ಊರು ಎಂದಾಗ ಗೌಡರು ತಲೆದೂಗಿದರು. "ಹಂಗಾದ್ರೆ ಕಟ್ಟುಪಾಡು ಇರೋ ಜನ. ನಮ್ಮಂಥೋರೇ ಬಿಡು."

"ಹೆಂಡ ಇಲ್ಲ ಅಂದ್ರೆ ಕೋಳಿನೂ ಇಲ್ಲ ಅಂತ ಏನು ಗೌಡ್ರೆ?" ಎಂದ ಓಬಣ್ಣ.

"ನೀನು ಸುಮ್ಕಿರು. ಒದೆ ತಿಂದು ಕುಂಟ್ತಾ ಇದ್ರೂ ಬಾಯಿಗೆ ಬಿಡುವಿಲ್ಲ."

ಯುದ್ಧದ ಕಾಲದಲ್ಲಿ ಹಾಲು ಉಳಿಸಿದ ಮಾತು ಎಲ್ಲರಿಗೂ ಹಿಡಿಸಿತು. ಆದರೆ ಕೊನೆಗೆ ಗೌಡರು ಹೇಳಿದ್ದು ಇದು. ಪುಸ್ತಕ ಮಾರುವವನದ್ದು. ಓದಿದವರು ಹೊರಗಿನವರು. ನಮ್ಮ ಹಟ್ಟಿಯ ರಕ್ತದವನೊಬ್ಬ ತಾನೇ ವಿಚಾರಿಸಿ ತಿಳಿದು, ಅಮಾವಾಸ್ಯೆಯ ದಿನ ಬಂದು, ಹಿರಿಯ ಎತ್ತಿನ ಕೊಂಬು ಹಿಡಿದು ಮೊಟ್ಟೆ ಇಲ್ಲವೆಂದು ಹೇಳಬೇಕು. ಕೊಂಬು ಹಿಡಿಯುವವನು ಕೋಳಿ, ಮೊಟ್ಟೆ ಮುಟ್ಟಿದವನಾಗಿರಬಾರದು. ಅಂದರೆ ನೀನು ಬರಬೇಕು. ಬಂದು ಒಂದು ಮಾತು ಹೇಳಿದರೆ ತಾತ ಅವತ್ತೇ ಒಳಗೆ ಹೋಗುತ್ತಾನೆ.

ಕೋಕೋ ಬೀಜವನ್ನು ತಾತ ಮೂರು ದಿನದಿಂದ ಅಂಗೈಯಲ್ಲೇ ಇಟ್ಟುಕೊಂಡಿದ್ದಾನೆ. ಉಗುರಿನಿಂದ ಕೆರೆಯುತ್ತಾನೆ, ಮೂಸುತ್ತಾನೆ. "ಇದನ್ನ ಹುರಿದು ಹಾಲಿಗೆ ಹಾಕಾಣ ಅಂತ ಮೊದಲು ಯಾವನಿಗೆ ಹೊಳೀತು?" ಎನ್ನುತ್ತಾನೆ. ನೀನು ಬರಬೇಕಾದ ವಿಷಯ ಹೇಳಿದೆ. ಏನೂ ಅನ್ನಲಿಲ್ಲ. ನೀನು ಹೋದ ದಿನವೂ ಏನೂ ಅಂದಿರಲಿಲ್ಲ ಅಲ್ಲವೇ. ದನಗಳನ್ನು ಕೂಗಿ ಕರೆಯುವುದನ್ನು ನಿನಗೇ ಕಲಿಸುತ್ತಿದ್ದ, ತನ್ನ ನಂತರ ನೀನೇ ಕಿಲಾರಿ ಎಂದು.

ಯಾವ ಬಸ್ಸಿಗೆ ಬರುತ್ತೀ ಬರೆ.

ಮುದ್ದಕ್ಕ

*

ಬೇವಿನಹಟ್ಟಿ
೮-೧೦-೧೯೭೬

ಅಣ್ಣನಿಗೆ,

ಎರಡು ವಾರವಾದರೂ ಕಾಗದವಿಲ್ಲ. ಹುಷಾರಿಲ್ಲವೇ? ರಜೆ ಸಿಗಲಿಲ್ಲವೇ? ಅಂಚೆಯವನು ಬಂದಾಗಲೆಲ್ಲ ತಾತ ಕತ್ತೆತ್ತಿ ನೋಡಿ ಮತ್ತೆ ಕಂಬಳಿ ಹೊದೆಯುತ್ತಾನೆ. ಎರಡು ದಿನದಿಂದ ಪ್ರಶ್ನೆ ಕೇಳುವುದನ್ನೂ ಬಿಟ್ಟಿದ್ದಾನೆ. ನನಗೆ ಹೆದರಿಕೆಯಾಗಿರುವುದು ಅದಕ್ಕೇ.

ಮುದ್ದಕ್ಕ

*

ಚಿಕ್ಕಜಾಜೂರು
೧೪-೧೦-೧೯೭೬

ಮುದ್ದಕ್ಕನಿಗೆ,

ಇದನ್ನು ಅವ್ವನಿಗೆ ಓದಬೇಡ.

ಹೋದ ವರ್ಷ ಮಳೆಗಾಲದಲ್ಲಿ ಹಳಿಯಡಿಯ ಮಣ್ಣು ಕೊಚ್ಚಿಹೋಗಿ ನಾವು ಹನ್ನೊಂದು ಜನ ಎರಡು ದಿನ ಅಲ್ಲೇ ಕೆಲಸ ಮಾಡಿದೆವು. ತಂದ ಬುತ್ತಿ ಖಾಲಿಯಾಯಿತು. ಜೊತೆಯವರು ಹತ್ತಿರದ ಊರಿಂದ ಮೊಟ್ಟೆ ತಂದು ಬೇಯಿಸಿದರು. ನಾನು ಒಂದು ಹೊತ್ತು ತಡೆದುಕೊಂಡೆ. ಎರಡನೇ ಹೊತ್ತು ಆಗಲಿಲ್ಲ. ಹಸಿವಿಗೆ ತಿಂದೆ ಎಂದರೆ ಅರ್ಧ ಮಾತು ಹೇಳಿದ ಹಾಗೆ. ಆಮೇಲೆ ಹಸಿವಿಲ್ಲದಾಗಲೂ ತಿಂದಿದ್ದೇನೆ. ಸ್ಟೇಷನ್ನಿನ ಹೊರಗಿನ ಕ್ಯಾಂಟೀನಿನಲ್ಲಿ ವಾರಕ್ಕೆರಡು ಸಲ ಆಮ್ಲೆಟ್ ತಿನ್ನುತ್ತೇನೆ. ಊಟ ಎಲ್ಲಿ ಎಂದು ಅವ್ವ ಕೇಳಿದ್ದಕ್ಕೆ ನಾನು 'ತೊಂದರೆಯಿಲ್ಲ' ಎಂದು ಬರೆದದ್ದು ಅದಕ್ಕೇ.

ಹತ್ತು ದಿನದಿಂದ ಒಂದೇ ಯೋಚನೆ. ಚಾಕೊಲೇಟಿನಲ್ಲಿ ಮೊಟ್ಟೆ ಇಲ್ಲ ಎಂಬುದು ನಿಜ. ಆ ನಿಜ ಹೇಳುವ ಹಕ್ಕು ನನಗಿಲ್ಲ. ಕೊಂಬು ಹಿಡಿದು ಹೇಳಿಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ತಾತ ಒಳಗೆ ಹೋಗುತ್ತಾನೆ, ಅವ್ವ ನೆಮ್ಮದಿಯಾಗಿರುತ್ತಾಳೆ. ನಾನು ಬರದೇ ಹೋದರೂ ಎಲ್ಲರಿಗೂ ಗೊತ್ತಾಗುತ್ತದೆ, ತಾತನೂ ಹೊರಗೇ ಉಳಿಯುತ್ತಾನೆ.

ನೀನು ಚಿಕ್ಕವಳು, ನಿನ್ನನ್ನು ಕೇಳಬಾರದು. ಆದರೆ ಈ ಎರಡು ತಿಂಗಳಲ್ಲಿ ನಾನು ಮಾತಾಡಿದ್ದು ನಿನ್ನ ಜೊತೆ ಮಾತ್ರ. ಏನು ಮಾಡಲಿ, ಬರೆ.

ಎತ್ತಪ್ಪ

*

ಬೇವಿನಹಟ್ಟಿ
೧೮-೧೦-೧೯೭೬

ಅಣ್ಣನಿಗೆ,

ಏನು ಮಾಡು ಎಂದು ಹೇಳುವಷ್ಟು ನಾನು ಓದಿಲ್ಲ. ಅವ್ವನಿಗೆ ಓದಲಿಲ್ಲ. ತಾತನಿಗೆ ಓದಿದೆ. ಬೈದರೆ ನನ್ನನ್ನು ಬೈ. ಅವನಿಗೆ ಗೊತ್ತಿಲ್ಲದೆ ಅವನ ವಿಷಯ ತೀರ್ಮಾನ ಮಾಡುವುದು ನನಗೆ ಸರಿಯೆನಿಸಲಿಲ್ಲ.

ದನಗಳು ಬಂದು ಬೇಲಿಯ ಹತ್ತಿರ ನಿಂತವು. ಓಬಣ್ಣ ಅವನ್ನು ಹೊಡೆದುಕೊಂಡು ಹೋದ. ಆಮೇಲೆ ತಾತ ನನ್ನ ಕಡೆ ತಿರುಗಿ, "ರುಚಿ ಹೆಂಗಿರ್ತೈತಂತೆ?" ಎಂದ.

ನನಗೆ ಅರ್ಥವಾಗಲಿಲ್ಲ.

"ಮೊಟ್ಟೆದು. ಅದನ್ನ ಬರೆದಿಲ್ವಾ?"

ಬರೆದಿಲ್ಲ ಎಂದೆ. "ಬರಲಿ ಅವನು. ಏನು ಹೇಳ್ತಾನೋ ಹೇಳಲಿ, ಅದು ಅವನ ಬಾಯಿ. ನಾನು ಒಳಗೆ ಹೋಗೋದು ಹೊರಗಿರೋದು ಆಮೇಲಿಂದು. ಎರಡು ವರ್ಷ ಆತು ನೋಡಿ" ಎಂದ.

ಇಷ್ಟೇ ಅಣ್ಣ. ಬಾ.

ಮುದ್ದಕ್ಕ

*

ಬೇವಿನಹಟ್ಟಿ
೨೬-೧೦-೧೯೭೬, ಮಂಗಳವಾರ

ಎತ್ತಪ್ಪಣ್ಣನಿಗೆ,

ನೀನು ಅಮಾವಾಸ್ಯೆಯ ದಿನ ಹಿಂದಿರುಗಿ ನೋಡದೆ ಹೋದೆ. ಸಂಜೆಯ ಬಸ್ಸು ಸಿಕ್ಕಿತೋ ಇಲ್ಲವೋ ಗೊತ್ತಿಲ್ಲ. ನೀನು ಹೋದ ಮೇಲೆ ನಡೆದದ್ದು ನಿನಗೆ ತಿಳಿಯಬೇಕೆಂದು ಬರೆಯುತ್ತಿದ್ದೇನೆ.

ಹಿರಿಯ ಎತ್ತನ್ನು ತಂದು ನಿಲ್ಲಿಸಿದಾಗ ನೀನು ಹತ್ತು ಹೆಜ್ಜೆ ದೂರದಲ್ಲೇ ನಿಂತೆ. ನಾನು ಕೊಂಬು ಹಿಡಿಯುವ ಹಾಗಿಲ್ಲ, ನಾನು ವಾರಕ್ಕೆ ಎರಡು ಸಲ ಮೊಟ್ಟೆ ತಿನ್ನುತ್ತೇನೆ, ತಾತ ತಿಂದದ್ದರಲ್ಲಿ ಮಾತ್ರ ಇಲ್ಲ ಎಂದೆ. ಆಗ ಅವ್ವ ನೆಲಕ್ಕೆ ಕೂತದ್ದನ್ನು ನೀನು ನೋಡಿದೆ. ಗೌಡರು "ಇನ್ಮೇಲೆ ಬಿಟ್ಟೆ ಅಂತ ಒಂದು ಮಾತು ಹೇಳಿಬಿಡು, ಮುಗೀತು" ಎಂದರು. "ಹೇಳಿದ್ರೆ ಸುಳ್ಳಾಗ್ತೈತೆ ಗೌಡ್ರೆ" ಎಂದು ನೀನು ಹೊರಟುಬಿಟ್ಟೆ. ನಿನ್ನ ಬೆನ್ನು ಕೆರೆ ಏರಿಯ ಆಚೆ ಮರೆಯಾಗುವವರೆಗೆ ಎಲ್ಲರೂ ನೋಡುತ್ತಾ ಕೂತಿದ್ದರು.

ಮೊದಲು ಮಾತಾಡಿದವನು ಓಬಣ್ಣ. ಕೊಂಬು ಹಿಡಿಯಲಿಲ್ಲ, ಆದ್ದರಿಂದ ಖಾತ್ರಿಯಾಗಲಿಲ್ಲ ಎನ್ನುತ್ತಾನೆ ಎಂದುಕೊಂಡೆ. ಅವನು ಹೇಳಿದ್ದು ಬೇರೆ. "ನಾನೊಂದು ಕೇಳ್ತೀನಿ ಗೌಡ್ರೆ. ಸುಳ್ಳು ಹೇಳೋನಾಗಿದ್ರೆ ಇಷ್ಟೊತ್ತಿಗೆ ಕೊಂಬು ಹಿಡ್ಕಂಡು ಹೇಳಿ, ಹೋಳಿಗೆ ಉಂಡು ಹೋಗ್ತಿದ್ದ. ಅಲ್ವಾ?"

ಗೌಡರು ಮೀಸೆ ಸವರಿಕೊಂಡು ಯೋಚಿಸಿದರು. "ತನ್ನ ಮೇಲೆ ತಾನೇ ಹೇಳ್ಕಂಡೋನು ಇದೊಂದ್ರಾಗೆ ಯಾಕೆ ಸುಳ್ಳು ಹೇಳ್ತಾನೆ?" ಎಂದು ಒಬ್ಬೊಬ್ಬರನ್ನೂ ಕೇಳಿದರು. ಕೊಂಬು ಹಿಡಿಯದವನ ಮಾತು ನಡೆಯುವುದಿಲ್ಲ ಎಂದು ಇಬ್ಬರು ಹಟ ಹಿಡಿದರು. ಮಾತು ಬೆಳೆಯಿತು. ಅಷ್ಟರಲ್ಲಿ ನನಗೆ ಏನಾಯಿತೋ ಗೊತ್ತಿಲ್ಲ, ಹೆಂಗಸರ ನಡುವಿನಿಂದ ಎದ್ದು, "ಅಣ್ಣ ಹತ್ತು ದಿನ ಊಟ ಬಿಟ್ಟು ಯೋಚನೆ ಮಾಡ್ಯಾನೆ. ಸುಳ್ಳು ಹೇಳಾಕೆ ಅಷ್ಟು ದಿನ ಬೇಕಿರಲಿಲ್ಲ" ಎಂದುಬಿಟ್ಟೆ. ಊಟ ಬಿಟ್ಟೆ ಎಂದು ನೀನು ಬರೆದಿರಲಿಲ್ಲ, ಅದು ನಾನೇ ಸೇರಿಸಿದ್ದು. ಕಾಗದದ ಮರೆಯೂ ಇಲ್ಲದೆ ಅಷ್ಟು ಜನರ ಮುಂದೆ ನಾನು ಮಾತಾಡಿದ್ದು ಅದೇ ಮೊದಲು.

ಗೌಡರು ಎದ್ದು ಬೇಲಿಯ ಬಾಗಿಲ ಮುಳ್ಳನ್ನು ತಾವೇ ಎಳೆದರು. "ಕಾಟಪ್ಪ, ಒಳಗೆ ನಡಿ" ಎಂದರು. ತಾತ ಕಂಬಳಿ ಕೊಡವಿಕೊಂಡು ಎದ್ದ. ಒಳಗೆ ಹೋದವನನ್ನು ದನಗಳು ಸುತ್ತುಗಟ್ಟಿದವು. ಸ್ವಲ್ಪ ಹೊತ್ತು ಅವನ ರುಮಾಲು ಕೂಡ ಕಾಣಲಿಲ್ಲ. "ಕೆಂದ ಹೋರಿ ನಿನಗೇ ಇರ್ಲಪ್ಪ, ನನಗೆ ಸಾಕಾಯ್ತು" ಎಂದ ಓಬಣ್ಣ.

ನಿನ್ನ ತೀರ್ಮಾನವೂ ಆಯಿತು. ಅದನ್ನೂ ಬರೆಯಲೇಬೇಕು. ನೀನು ಮುಂದೆ ಕಿಲಾರಿಯಾಗುವಂತಿಲ್ಲ. ತಿನ್ನುವುದನ್ನು ಬಿಡುವವರೆಗೆ ಹಟ್ಟಿಯೊಳಗೆ ನಿನಗೆ ಊಟವಿಲ್ಲ, ನೀರಿಲ್ಲ. ಬಂದು ಹೋಗಬಹುದು, ಮಾತಾಡಬಹುದು. ಬೇಲಿಯ ಹೊರಗೆ ಊಟ ಕೊಡಬಹುದೇ ಎಂದು ನಾನು ಕೇಳಿದೆ. "ಹೊರಗಿನದು ನಮ್ಮ ಲೆಕ್ಕದಾಗೆ ಇಲ್ಲವ್ವ" ಎಂದರು ಗೌಡರು.

ಅವ್ವ ಅವತ್ತು ಉಣ್ಣಲಿಲ್ಲ. ನಿನ್ನೆ ರಾಗಿ ಬೀಸುತ್ತಿದ್ದವಳು ಕೈ ನಿಲ್ಲಿಸಿ, "ವಾರಕ್ಕೆ ಎರಡು ಸಲ ಅಂದ್ನಲ್ಲ, ಉಳಿದ ದಿನ ಏನು ತಿಂತಾನಂತೆ?" ಎಂದು ಕೇಳಿದಳು. ನನಗೆ ಗೊತ್ತಿಲ್ಲ ಎಂದೆ. ನೀನು ಬರೆಯಬೇಕು. ಈ ಸಲ ಸರಿಯಾಗಿ ಬರೆ.

ಮೊಟ್ಟೆಯ ರುಚಿ ಹೇಗಿರುತ್ತದೆ ಎಂಬ ತಾತನ ಪ್ರಶ್ನೆಗೂ ನೀನು ಉತ್ತರ ಕೊಡದೆ ಹೋದೆ. ಈಗ ಅವನು ಮತ್ತೆ ಕಿಲಾರಿ, ಬಾಯಿಬಿಟ್ಟು ಕೇಳುವಂತಿಲ್ಲ. ಆದರೆ ನಾನು ಹಾಲಿನ ತಂಬಿಗೆ ತೆಗೆದುಕೊಂಡು ಹೋದಾಗ ನನ್ನ ಸೊಂಟದಲ್ಲಿ ಕಾಗದವೇನಾದರೂ ಇದೆಯೇ ಎಂದು ನೋಡುತ್ತಾನೆ.

ಈ ದಿನ ಬೆಳಿಗ್ಗೆ ಅವ್ವ ನನ್ನನ್ನು ಕರೆದುಕೊಂಡು ಹಳ್ಳದ ದಂಡೆಗೆ ಹೋದಳು. ಅಲ್ಲಿ ಅಗಲವಾದ ಒಂದು ಚಪ್ಪಡಿ ಕಲ್ಲಿತ್ತು. ಇಬ್ಬರೂ ಸೇರಿ ಅದನ್ನು ಉರುಳಿಸಿಕೊಂಡು ಬಂದು, ಹಟ್ಟಿಯ ಬೇಲಿಯಿಂದ ನಾಲ್ಕು ಮಾರು ಆಚೆ ಹೊಂಗೆಯ ನೆರಳಲ್ಲಿ ಕೆಡವಿದೆವು. ಒಬ್ಬರು ಕೂತು ಮುಂದೆ ಊಟದ ತಣಿಗೆ ಇಟ್ಟುಕೊಳ್ಳುವಷ್ಟು ಜಾಗವಿದೆ. ಅವ್ವ ಎರಡು ಕೊಡ ನೀರು ಸುರಿದು ತೊಳೆದಳು. ಅದು ಇನ್ನೂ ಒಣಗಿಲ್ಲ.

ನಿನ್ನ ತಂಗಿ
ಮುದ್ದಕ್ಕ